ನಮ್ಮ ಅರ್ಜಿ ನಾವೇ ತುಂಬುವಂತಾಗಲಿ

ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ



ಶಾಲೆಯ ನೆನಪುಗಳನ್ನು ಹೇಳುವವರು ಬಹಳ ಜನ ಇದ್ದಾರೆ, ನೀವು ಊರಿಗೆ ಉಪಯೋಗವಾಗುವ ಒಂದು ವಿಷಯ ಹೇಳಿ ಎಂದು ಸಮಿತಿಯವರು ನನಗೆ ಸೂಚಿಸಿದರು. ನಾನು ಆರಿಸಿಕೊಂಡ ವಿಷಯ ಇದು: ಸರ್ಕಾರದ ಜಾಲತಾಣಗಳನ್ನು, ಅಂದರೆ ವೆಬ್‌ಸೈಟುಗಳನ್ನು, ವಿಕಲಚೇತನರು ಬೇರೆಯವರ ಸಹಾಯವಿಲ್ಲದೆ ಬಳಸಲು ಆಗುತ್ತದೆಯೇ? ಆಗದಿದ್ದರೆ ಅವರು ಏನು ಕಳೆದುಕೊಳ್ಳುತ್ತಾರೆ? ಆಗುವಂತೆ ಮಾಡಲು ಈ ಶಾಮಿಯಾನದ ಕೆಳಗಿರುವ ನಾವು ಏನು ಮಾಡಬಹುದು?

ನನಗೆ ಕಣ್ಣು ಕಾಣುವುದಿಲ್ಲ ಎಂಬುದು ಇಲ್ಲಿ ಬಹುಪಾಲು ಜನಕ್ಕೆ ಗೊತ್ತು. ಹೊಸಬರಿಗೆ ತಿಳಿಯಲಿ ಎಂದು ಹೇಳಿದೆ. ವಿಷಯ ಕಂಪ್ಯೂಟರಿನದಾದರೂ ನಾನು ಕಂಪ್ಯೂಟರ್ ತಜ್ಞನಲ್ಲ, ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಆದ್ದರಿಂದ ಬಳಸುವವನಾಗಿ ಮಾತ್ರ ಮಾತನಾಡುತ್ತೇನೆ.

ನಮ್ಮ ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಇದೆ. ಮತಗಟ್ಟೆ ಇರುವ ಶಾಲೆಗಳಲ್ಲೆಲ್ಲ ಈಗ ಅದನ್ನು ನೋಡುತ್ತೀರಿ. ಗಾಲಿಕುರ್ಚಿಯವರಿಗೆ ಎಂದು ಕಟ್ಟಿದ್ದು. ಆದರೆ ಮಂಡಿನೋವಿನ ಅಜ್ಜಿಯೂ ಅದರ ಮೇಲೆಯೇ ಬರುತ್ತಾರೆ, ಅಕ್ಕಿ ಮೂಟೆಯ ತಳ್ಳುಗಾಡಿಯೂ ಅದರ ಮೇಲೆಯೇ ಬರುತ್ತದೆ. ಯಾರೂ ಅದನ್ನು ದಂಡದ ಖರ್ಚು ಎನ್ನುವುದಿಲ್ಲ. ಈಗ ಯೋಚಿಸಿ. ವಿದ್ಯಾರ್ಥಿವೇತನ, ಜಾತಿ ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ, ಪರೀಕ್ಷೆಯ ಅರ್ಜಿ, ಫಲಿತಾಂಶ ಎಲ್ಲವೂ ಜಾಲತಾಣಕ್ಕೆ ಹೋಗಿವೆ. ಕಚೇರಿಯೇ ಅಲ್ಲಿಗೆ ಹೋಗಿದೆ ಎಂದ ಮೇಲೆ ಅಲ್ಲಿಯೂ ಮೆಟ್ಟಿಲುಗಳಿವೆ. ಅಲ್ಲಿಯೂ ಇಳಿಜಾರು ಬೇಕು.

ಕಣ್ಣಿಲ್ಲದವನು ಕಂಪ್ಯೂಟರ್ ಹೇಗೆ ಬಳಸುತ್ತಾನೆ ಎಂದು ಮಕ್ಕಳು ಕೇಳುತ್ತಾರೆ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವಿದೆ. ಅದಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕರೊಬ್ಬರು, ಮೈಕಲ್ ಕರನ್, ಬರೆಯಲು ಶುರುಮಾಡಿದರು. ಇನ್ನೊಬ್ಬ ಅಂಧ ತಂತ್ರಜ್ಞ ಜೇಮ್ಸ್ ಟೆ ಜೊತೆಗೂಡಿದರು. ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಅದು ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ ದನಿ, ಆದರೆ ವಾರದಲ್ಲಿ ಕಿವಿಗೆ ರೂಢಿಯಾಗುತ್ತದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿಯೂ ಟಾಕ್‌ಬ್ಯಾಕ್ ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಇದೆ. ನಮಗೆ ಮೌಸ್ ಬೇಡ, ಕೀಲಿಮಣೆ ಸಾಕು.

ಇದು ನಮ್ಮಂಥವರ ಬದುಕಿನಲ್ಲಿ ಎಷ್ಟು ದೊಡ್ಡ ಬದಲಾವಣೆ ಎಂದು ಹೇಳಲೇಬೇಕು. ಕೈಬರಹದ ಪಹಣಿ ಇದ್ದ ಕಾಲದಲ್ಲಿ ನನ್ನ ಹೊಲದ ಪಹಣಿಯನ್ನು ನಾನು ಎಂದೂ ಓದಲಾರೆ. ಗ್ರಾಮಲೆಕ್ಕಿಗರು ಓದಿದ್ದೇ ಸತ್ಯ, ಅಣ್ಣ ಓದಿದ್ದೇ ಸತ್ಯ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದಾಗ ರೈತರಿಗೆಲ್ಲ ಅನುಕೂಲವಾಯಿತು. ಕಾಗದ ನಮ್ಮ ಜೊತೆ ಎಂದೂ ಮಾತನಾಡಿರಲಿಲ್ಲ, ಕಂಪ್ಯೂಟರಿನ ಅಕ್ಷರ ಮಾತನಾಡಬಲ್ಲದು. ಹುಟ್ಟಿದಾಗಿನಿಂದ ಬೇರೆಯವರ ಕಣ್ಣಿನಿಂದ ಓದಿದವನಿಗೆ, ಸರ್ಕಾರದ ಒಂದು ಕಾಗದವನ್ನು ತಾನೇ ಓದುವ ಅವಕಾಶ ಇತಿಹಾಸದಲ್ಲಿ ಮೊದಲ ಬಾರಿಗೆ ಬಂದಿದೆ. ಆದ್ದರಿಂದ ನನ್ನ ಮಾತು ಕಂಪ್ಯೂಟರಿನ ವಿರುದ್ಧ ಅಲ್ಲ. ಬಾಗಿಲು ತೆರೆದ ಮೇಲೆ ಅದರ ಹಿಂದೆ ಗೋಡೆ ಕಟ್ಟಬಾರದು ಎಂಬುದಷ್ಟೇ ನನ್ನ ಮಾತು.

ಗೋಡೆ ಎಲ್ಲಿ ಏಳುತ್ತದೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಕ್ಯಾಪ್ಚಾ. ಸೊಟ್ಟ ಸೊಟ್ಟ ಅಕ್ಷರಗಳ ಒಂದು ಚಿತ್ರ ತೋರಿಸಿ, ನೋಡಿ ಟೈಪ್ ಮಾಡಿ ಎನ್ನುತ್ತದಲ್ಲ, ಅದು. ಬಳಸುತ್ತಿರುವುದು ಯಂತ್ರವಲ್ಲ, ಮನುಷ್ಯ ಎಂದು ಖಚಿತಪಡಿಸಿಕೊಳ್ಳಲು ಅದನ್ನು ಮಾಡಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಓದಬಾರದು ಎಂದೇ ಬರೆದ ಅಕ್ಷರವನ್ನು ನನ್ನ ಸ್ಕ್ರೀನ್ ರೀಡರ್ ಹೇಗೆ ಓದೀತು? ಅದೂ ಯಂತ್ರವೇ. ಹಾಗಾಗಿ ಜಾಲತಾಣದ ಲೆಕ್ಕದಲ್ಲಿ ನಾನು ಮನುಷ್ಯನಲ್ಲ. ಪಕ್ಕದಲ್ಲಿ ಕೇಳಿಸಿಕೊಂಡು ಬರೆಯುವ ಒಂದು ಗುಂಡಿ ಇಟ್ಟರೆ ಅಥವಾ ಫೋನಿಗೆ ಬರುವ ಒಟಿಪಿಯಿಂದಲೇ ಖಚಿತಪಡಿಸಿಕೊಂಡರೆ ಸಮಸ್ಯೆ ಬಹುಮಟ್ಟಿಗೆ ಮುಗಿಯುತ್ತದೆ.

ಎರಡನೆಯದು ಹೆಸರಿಲ್ಲದ ಖಾನೆಗಳು. ಅರ್ಜಿಯಲ್ಲಿ ಖಾನೆಯ ಪಕ್ಕ ತಂದೆಯ ಹೆಸರು ಎಂದು ಬರೆದಿರುತ್ತಾರೆ. ನಿಮಗೆ ಕಾಣುತ್ತದೆ. ಆದರೆ ಆ ಬರಹಕ್ಕೂ ಆ ಖಾನೆಗೂ ಕಂಪ್ಯೂಟರಿನೊಳಗೆ ಗಂಟು ಹಾಕಿರುವುದಿಲ್ಲ. ನನ್ನ ಕಿವಿಗೆ ಕೇಳುವುದು ಇಷ್ಟೇ: ಎಡಿಟ್, ಎಡಿಟ್, ಎಡಿಟ್, ಚೆಕ್‌ಬಾಕ್ಸ್, ಚೆಕ್‌ಬಾಕ್ಸ್, ಬಟನ್. ಯಾವ ಖಾನೆ ಯಾವುದಕ್ಕೆ, ಯಾವ ಬಟನ್ ಒತ್ತಿದರೆ ಅರ್ಜಿ ಸಲ್ಲಿಕೆಯಾಗುತ್ತದೆ, ಯಾವುದು ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ, ಗೊತ್ತಾಗುವುದಿಲ್ಲ.

ಮೂರನೆಯದು ಸುತ್ತೋಲೆಗಳು. ಕಚೇರಿಯಲ್ಲಿ ಆದೇಶವನ್ನು ಕಂಪ್ಯೂಟರಿನಲ್ಲಿಯೇ ಟೈಪ್ ಮಾಡುತ್ತಾರೆ. ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಆ ಹೊತ್ತಿಗೆ ಅದು ಬರಹವಲ್ಲ, ಕಾಗದದ ಫೋಟೋ. ಮಾತನಾಡುತ್ತಿದ್ದ ಅಕ್ಷರವನ್ನು ಮತ್ತೆ ಮೂಕ ಮಾಡಿದಂತೆ. ಸಹಿಯ ಪ್ರತಿಯ ಜೊತೆಗೆ ಟೈಪ್ ಮಾಡಿದ ಮೂಲ ಕಡತವನ್ನೂ ಏರಿಸಿದರೆ ಸಾಕು.

ನಾಲ್ಕನೆಯದು ನಮ್ಮ ಕನ್ನಡದ್ದೇ ಸಮಸ್ಯೆ. ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕೂರಿಸಿರುವುದು ಕನ್ನಡದ ಆಕಾರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಎಂಬ ಪದದ ಒಳಗೆ ಪಿ ಇದೆ, ಪೌಂಡ್ ಚಿಹ್ನೆ ಇದೆ, ಕ್ಯೂ ಇದೆ. ಕಣ್ಣಿಗೆ ಅಚ್ಚ ಕನ್ನಡ, ಕಿವಿಗೆ ಬರೀ ಗೊಜಲು. ಯೂನಿಕೋಡ್ ಎಂಬ ಕ್ರಮದಲ್ಲಿ ಮಾತ್ರ ಕ ಎಂದರೆ ಒಳಗೂ ಕ, ಹೊರಗೂ ಕ. ನುಡಿ, ಬರಹಗಳಲ್ಲಿಯೂ ಈಗ ಯೂನಿಕೋಡ್ ಇದೆ. ಹಳೆಯ ಅಭ್ಯಾಸ ಬಿಡಬೇಕು, ಅಷ್ಟೇ.

ಇನ್ನು ಕೆಲವು ಕಡೆ ಅರ್ಜಿಗೆ ಸಮಯದ ಮಿತಿ ಇಟ್ಟಿರುತ್ತಾರೆ. ಕೇಳಿ ಕೇಳಿ ತುಂಬುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿ ಎನ್ನುತ್ತದೆ. ಕೈ ನಡುಗುವ ಹಿರಿಯರಿಗೂ ಇದೇ ತೊಂದರೆ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳಬೇಕು, ಸೈಬರ್ ಅಂಗಡಿ ಇದೆ, ಗ್ರಾಮ ಒನ್ ಇದೆ, ಮನೆಯಲ್ಲಿ ಮಕ್ಕಳಿದ್ದಾರೆ, ತುಂಬಿಕೊಡುತ್ತಾರಲ್ಲ ಎಂದು ಒಳ್ಳೆಯ ಮನಸ್ಸಿನವರೇ ಕೇಳುತ್ತಾರೆ. ಉತ್ತರವಾಗಿ ನನಗೇ ಆದ ಒಂದು ಪ್ರಸಂಗ ಹೇಳುತ್ತೇನೆ. ಪದವಿ ಮುಗಿಸಿ ಒಂದು ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಬೇಕಿತ್ತು. ಜಾಲತಾಣ ನಾನು ಈಗ ಹೇಳಿದ ರೀತಿಯದೇ. ಕಡೆಯ ದಿನದವರೆಗೂ ನಾನೇ ಒದ್ದಾಡಿ, ಕೊನೆಗೆ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಳ್ಳೆಯವನು. ಆದರೆ ಹಿಂದೆ ಸಾಲು ನಿಂತಿತ್ತು. ಅರ್ಜಿಯಲ್ಲಿ ನಿಮಗೆ ಲಿಪಿಕಾರರು ಬೇಕೇ ಎಂಬ ಒಂದು ಸಣ್ಣ ಖಾನೆ ಇತ್ತು. ಅವನು ಅದನ್ನು ಗಮನಿಸಲಿಲ್ಲ, ಗುರುತು ಹಾಕದೆ ಸಲ್ಲಿಸಿದ. ಮುದ್ರಿಸಿ ಕೊಟ್ಟ ಪ್ರತಿ ನನಗೆ ಬಿಳಿ ಹಾಳೆ. ಪರೀಕ್ಷೆಯ ದಿನ ಕೇಂದ್ರಕ್ಕೆ ಹೋದರೆ ನನ್ನ ಪರವಾಗಿ ಬರೆಯುವವರು ಯಾರೂ ಇಲ್ಲ. ಅರ್ಜಿಯಲ್ಲಿ ನೀವು ಕೇಳಿಲ್ಲ ಎಂದರು. ಓದಿದ್ದೆಲ್ಲ ತಲೆಯಲ್ಲಿ ಇಟ್ಟುಕೊಂಡು, ಮುಚ್ಚಿದ ಪ್ರಶ್ನೆಪತ್ರಿಕೆಯ ಮುಂದೆ ಸ್ವಲ್ಪ ಹೊತ್ತು ಕುಳಿತು ಎದ್ದು ಬಂದೆ. ಆ ವರ್ಷ ಹಾಗೆಯೇ ಹೋಯಿತು. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಆ ಒಂದು ಖಾನೆಗೆ ಹೆಸರಿನ ಗಂಟು ಹಾಕಿದ್ದರೆ ನನ್ನ ಅರ್ಜಿಯನ್ನು ನಾನೇ ತುಂಬುತ್ತಿದ್ದೆ, ನಾನೇ ಎರಡು ಸಲ ಓದುತ್ತಿದ್ದೆ.

ಇನ್ನೊಂದು ವಿಷಯ ಗುಟ್ಟಿನದು. ನಮ್ಮ ಪರವಾಗಿ ಅರ್ಜಿ ತುಂಬುವವರಿಗೆ ನಾವು ಏನೇನು ಒಪ್ಪಿಸುತ್ತೇವೆ ನೋಡಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್, ಒಟಿಪಿ, ವೈದ್ಯರ ಪ್ರಮಾಣಪತ್ರ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನಾ ಸಂದೇಶ ಕಳಿಸುತ್ತಾರೆ. ನಾವು ಹತ್ತು ಜನರ ನಡುವೆ ಅಂಗಡಿಯಲ್ಲಿ ನಿಂತು ಅದನ್ನು ಕೂಗಿ ಹೇಳಬೇಕು. ತನಗೆ ಯಾವ ಕಾಯಿಲೆ, ಎಷ್ಟು ಶೇಕಡಾ ವೈಕಲ್ಯ ಎಂಬುದನ್ನು ಪರಿಚಯದವರ ಮುಂದೆ ಓದಿಸಿಕೊಳ್ಳುವ ಹೆಣ್ಣುಮಗಳ ಸಂಕಟವನ್ನು ಯೋಚಿಸಿ. ಸಹಾಯ ಪಡೆಯುವುದು ಅವಮಾನವಲ್ಲ. ಊರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಆಗುತ್ತೇವೆ. ಆದರೆ ಕೇಳಿ ಪಡೆಯುವ ಸಹಾಯ ಬೇರೆ, ಬೇರೆ ದಾರಿಯೇ ಇಲ್ಲದೆ ಒಪ್ಪಿಸಿಕೊಳ್ಳುವುದು ಬೇರೆ.

ಇದು ಕಣ್ಣಿಲ್ಲದವರ ಸಮಸ್ಯೆ ಮಾತ್ರವಲ್ಲ. ಕಿವಿ ಕೇಳದವರಿಗೆ, ಮಾತು ಮಾತ್ರ ಇರುವ ಸರ್ಕಾರಿ ವಿಡಿಯೋ ಏನೂ ಹೇಳುವುದಿಲ್ಲ. ಕೆಳಗೆ ಬರಹ ಬರಬೇಕು. ಕೈ ಸ್ವಾಧೀನವಿಲ್ಲದವರು ಮೌಸ್ ಹಿಡಿಯಲಾರರು. ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ಕಾಣದವರಿಗೆ, ಕೆಂಪು ಬಣ್ಣದ ಖಾನೆಗಳನ್ನು ಕಡ್ಡಾಯವಾಗಿ ತುಂಬಿ ಎಂದರೆ ಯಾವುದು ಕೆಂಪು? ಕಣ್ಣು ಮಂಜಾದ ಹಿರಿಯರಿಗೆ ತಿಳಿಬೂದು ಅಕ್ಷರ ಬಿಳಿಯ ಮೇಲೆ ಕಾಣುವುದೇ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷ 24 ಸಾವಿರ, ದೇಶದಲ್ಲಿ 2 ಕೋಟಿ 68 ಲಕ್ಷ. ಆಗ ಏಳೆಂಟು ಬಗೆಯ ವೈಕಲ್ಯಗಳನ್ನಷ್ಟೇ ಎಣಿಸಿದ್ದರು. ಈಗಿನ ಕಾನೂನು 21 ಬಗೆಗಳನ್ನು ಗುರುತಿಸುತ್ತದೆ. ವಯಸ್ಸಾದವರನ್ನು ಇದರ ಮೇಲೆ ಸೇರಿಸಿಕೊಳ್ಳಿ. ಇಂದು ಈ ಸಭೆಯಲ್ಲಿ ಕನ್ನಡಕ ಹಾಕಿರುವ ನನ್ನ ಗೆಳೆಯರೆಲ್ಲ ನಿಧಾನವಾಗಿ ನಮ್ಮ ಕಡೆಗೇ ಬರುತ್ತಿದ್ದೀರಿ, ಸ್ವಾಗತ.

ಕಾನೂನು ಏನು ಹೇಳುತ್ತದೆ? ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಸರ್ಕಾರಿ ಜಾಲತಾಣಗಳು ಹೇಗಿರಬೇಕು ಎಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ 2009ರಲ್ಲಿಯೇ ತಂದಿತು. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 42ನೆಯ ಕಲಂ ಮಾಹಿತಿ ತಂತ್ರಜ್ಞಾನದ ಬಗ್ಗೆಯೇ ಇದೆ. 46ನೆಯ ಕಲಂ, ನಿಯಮಗಳು ಪ್ರಕಟವಾದ ಎರಡು ವರ್ಷದೊಳಗೆ ಸರ್ಕಾರಿ ಮತ್ತು ಖಾಸಗಿ ಸೇವೆಗಳೆಲ್ಲ ಎಲ್ಲರಿಗೂ ಬಳಸುವಂತಾಗಬೇಕು ಎಂದಿತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಗಡುವು 2019ರಲ್ಲಿಯೇ ಮುಗಿಯಿತು.

ಹಾಗಾದರೆ ತೊಡಕು ಎಲ್ಲಿ? ಕಾಯ್ದೆ ಕಡ್ಡಾಯ ಎಂದರೂ, ಅದರ ಕೆಳಗೆ ಬಂದ 15ನೆಯ ನಿಯಮ ಮಾರ್ಗಸೂಚಿಗಳನ್ನು ತೋರಿಸಿ ಸುಮ್ಮನಾಯಿತು. ಮಾರ್ಗಸೂಚಿ ಎಂದರೆ ಹಿರಿಯರ ಬುದ್ಧಿಮಾತಿನಂತೆ. ಕೇಳಿದರೆ ಒಳ್ಳೆಯದು, ಕೇಳದಿದ್ದರೆ ಶಿಕ್ಷೆಯಿಲ್ಲ. ರಾಜೀವ್ ರತೂರಿ ಎಂಬ ದೃಷ್ಟಿದೋಷವುಳ್ಳ ಹೋರಾಟಗಾರರು 2005ರಲ್ಲಿ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಈ ಅಂಶವನ್ನು ಎತ್ತಿ ಹಿಡಿಯಿತು. ಆ ನಿಯಮ ಮೂಲ ಕಾಯ್ದೆಗೇ ವಿರುದ್ಧವಾಗಿದೆ, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮಗಳನ್ನು ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

2025ರ ಏಪ್ರಿಲ್ 30ರ ಇನ್ನೊಂದು ತೀರ್ಪನ್ನು ಮಕ್ಕಳು ನೆನಪಿಡಬೇಕು. ಆಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಜೀವಂತ ವ್ಯಕ್ತಿ ಎಂದು ತೋರಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕು ಎನ್ನಲಾಯಿತು. ಆಸಿಡ್ ಸುಟ್ಟ ರೆಪ್ಪೆ ಮಿಟುಕುವುದು ಹೇಗೆ? ಅವರೂ, ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್ ಅವರೂ ಸಲ್ಲಿಸಿದ್ದ ಅರ್ಜಿಗಳಲ್ಲಿ ನ್ಯಾಯಾಲಯ 20 ನಿರ್ದೇಶನಗಳನ್ನು ಕೊಟ್ಟಿತು. ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲಿ ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕೂ ಸೇರಿದೆ ಎಂದು ಸಾರಿತು. ಅಂದರೆ ನಾವು ಕೇಳುತ್ತಿರುವುದು ದಯೆಯಲ್ಲ.

ಇಷ್ಟು ಕಾನೂನು ಇದ್ದರೂ ಕೆಲಸ ಆಗುವುದು ಮೇಜಿನ ಮುಂದೆ ಕುಳಿತವರ ಕೈಯಿಂದ. ಅದಕ್ಕೆ ನಾನು ನಮ್ಮ ಗಣಿತದ ಮೇಷ್ಟ್ರನ್ನು ನೆನೆಯುತ್ತೇನೆ. ಅವರು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲಿಯೂ ಹೇಳುತ್ತಿದ್ದರು. ರೇಖಾಗಣಿತದ ಚಿತ್ರ ಬರೆದರೆ, ಎ ಬಿ ಎಂಬ ಗೆರೆ ಅಡ್ಡ ಇದೆ, ಅದರ ನಟ್ಟನಡುವೆ ಸಿ ಬಿಂದು, ಅಲ್ಲಿಂದ ನೇರ ಮೇಲಕ್ಕೆ ಇನ್ನೊಂದು ಗೆರೆ ಎಂದು ಬಿಡಿಸಿ ಹೇಳುತ್ತಿದ್ದರು. ಅದಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ತರಗತಿಯಲ್ಲಿ ನಾನೊಬ್ಬ ಇದ್ದೇನೆ ಎಂಬ ನೆನಪು ಅವರಿಗಿತ್ತು, ಅಷ್ಟೇ. ಅವರು ಹಾಗೆ ಹೇಳಿದ್ದರಿಂದ ಕಣ್ಣಿದ್ದ ಹುಡುಗರಿಗೂ ಪ್ರಮೇಯ ಚೆನ್ನಾಗಿ ತಿಳಿಯಿತು ಎಂದು ನನ್ನ ಸಹಪಾಠಿಗಳೇ ಹೇಳುತ್ತಾರೆ. ಜಾಲತಾಣದಲ್ಲಿ ಚಿತ್ರದ ಹಿಂದೆ ಅದರ ವಿವರಣೆಯನ್ನು ಒಂದು ಸಾಲಿನಲ್ಲಿ ಬರೆದಿಡಬೇಕು ಎಂದು ಅಂತರರಾಷ್ಟ್ರೀಯ ಮಾನದಂಡಗಳು 1999ರಿಂದ ಹೇಳುತ್ತಿರುವುದು ಇದನ್ನೇ.

ಈ ಶಾಲೆಯಲ್ಲಿ ಓದಿದವರು ಇಂದು ಗುಮಾಸ್ತರಾಗಿದ್ದೀರಿ, ಪಿಡಿಒ ಆಗಿದ್ದೀರಿ, ಡಾಟಾ ಎಂಟ್ರಿ ಆಪರೇಟರ್ ಆಗಿದ್ದೀರಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೀರಿ, ಸೈಬರ್ ಅಂಗಡಿ ಇಟ್ಟಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆಗಳು ಸಣ್ಣವು.

ಜಾಲತಾಣ ಮಾಡುವವರೇ, ಕೆಲಸ ಒಪ್ಪಿಸುವ ಮೊದಲು ಮೌಸನ್ನು ಒಂದು ಗಂಟೆ ಪಕ್ಕಕ್ಕಿಡಿ. ಟ್ಯಾಬ್ ಕೀ ಒಂದರಿಂದಲೇ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ತುಂಬಲು ಆಗುತ್ತದೆಯೇ ನೋಡಿ. ಆಮೇಲೆ ಎನ್‌ವಿಡಿಎ ಹಾಕಿಕೊಂಡು, ಪರದೆ ಆರಿಸಿ, ಇನ್ನೊಮ್ಮೆ ತುಂಬಿ. ಸಿಕ್ಕಿಕೊಂಡ ಕಡೆ ಸರಿಪಡಿಸಿ. ಕಟ್ಟುವಾಗಲೇ ಇಟ್ಟ ಇಳಿಜಾರಿಗೆ ಖರ್ಚು ಕಡಿಮೆ, ಕಟ್ಟಡ ಮುಗಿದ ಮೇಲೆ ಒಡೆದು ಕಟ್ಟುವುದಕ್ಕೆ ಜಾಸ್ತಿ.

ಕಚೇರಿಯಲ್ಲಿರುವವರೇ, ಯೂನಿಕೋಡಿನಲ್ಲಿ ಟೈಪ್ ಮಾಡಿ. ಸ್ಕ್ಯಾನ್ ಜೊತೆಗೆ ಮೂಲ ಕಡತವನ್ನೂ ಹಾಕಿ. ಇಲ್ಲಿ ಕ್ಲಿಕ್ ಮಾಡಿ ಎಂದು ಹತ್ತು ಕಡೆ ಬರೆಯುವ ಬದಲು, ವಿದ್ಯಾರ್ಥಿವೇತನದ ಅರ್ಜಿ ಎಂದು ಬರೆಯಿರಿ. ನಮಗೆ ಹತ್ತೂ ಒಂದೇ ದನಿಯಲ್ಲಿ ಕೇಳಿಸುತ್ತವೆ.

ಅಂಗಡಿ ಇಟ್ಟಿರುವವರೇ, ನಮ್ಮಂಥವರ ಅರ್ಜಿ ತುಂಬಿದ ಮೇಲೆ ಸಲ್ಲಿಸುವ ಮೊದಲು ಪ್ರತಿ ಖಾನೆಯನ್ನೂ ಒಮ್ಮೆ ಮೆಲುದನಿಯಲ್ಲಿ ಓದಿ ಹೇಳಿ. ಐದು ನಿಮಿಷದ ಕೆಲಸ, ಒಬ್ಬರ ಒಂದು ವರ್ಷ ಉಳಿಯಬಹುದು.

ಊರಿನವರೇ, ಜಾಲತಾಣ ಬಳಸಲು ಆಗದಿದ್ದರೆ ಸುಮ್ಮನಿರಬೇಡಿ. ಪುಟದ ಕೆಳಗೆ ಅದನ್ನು ನೋಡಿಕೊಳ್ಳುವ ಅಧಿಕಾರಿಯ ವಿವರ ಇರಬೇಕು ಎಂಬುದು ಮಾರ್ಗಸೂಚಿಯಲ್ಲಿಯೇ ಇದೆ. ಅವರಿಗೆ ಬರೆಯಿರಿ. ಉತ್ತರ ಬಾರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಕಾಯ್ದೆಯ 89ನೆಯ ಕಲಮಿನಲ್ಲಿ ಮೊದಲ ಉಲ್ಲಂಘನೆಗೆ 10 ಸಾವಿರ ರೂಪಾಯಿವರೆಗೆ, ಮುಂದಿನವುಗಳಿಗೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ. ದೂರು ಬರೆಯಲು ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಶಿಕ್ಷಕರಲ್ಲಿ ಒಂದು ವಿನಂತಿ. ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವಾಗ ವಾರಕ್ಕೊಂದು ತರಗತಿ ಕಣ್ಣಿಗೆ ಬಟ್ಟೆ ಕಟ್ಟಿ, ಸ್ಕ್ರೀನ್ ರೀಡರ್ ಹಾಕಿ ಮಾಡಿಸಿ. ನಾಳೆ ಈ ಮಕ್ಕಳಲ್ಲೇ ಯಾರೋ ಒಬ್ಬರು ಒಂದು ಇಲಾಖೆಯ ಅರ್ಜಿಯನ್ನು ವಿನ್ಯಾಸ ಮಾಡುತ್ತಾರೆ. ಅಂದು ಅವರಿಗೆ ನೆನಪಿದ್ದರೆ ಸಾಕು.

ಕೊನೆಯದಾಗಿ ಸಂಪಾದಕ ಸಮಿತಿಯವರಿಗೆ. ಈ ಭಾಷಣವನ್ನು ಸ್ಮರಣ ಸಂಚಿಕೆಗೆ ಕೇಳಿದ್ದೀರಿ, ಸಂತೋಷ. ಐವತ್ತು ವರ್ಷದ ಚರಿತ್ರೆ ಅದರಲ್ಲಿ ಬರುತ್ತದೆ, ನನ್ನ ಗುರುಗಳ ಲೇಖನಗಳು ಬರುತ್ತವೆ. ಅಚ್ಚಿನ ಪುಸ್ತಕವನ್ನು ನಾನು ಓದಲಾರೆ. ಯೂನಿಕೋಡಿನ ಒಂದು ಪ್ರತಿಯನ್ನೂ ಸಿದ್ಧಮಾಡಿ, ಫೋಟೋಗಳ ಕೆಳಗೆ ಯಾರು ಎಲ್ಲಿ ನಿಂತಿದ್ದಾರೆ ಎಂದು ಬರೆದು ಕಳಿಸಿ. ನನ್ನ ಶಾಲೆಯ ಪುಸ್ತಕವನ್ನು ನಾನೇ ಓದುತ್ತೇನೆ.

 ನಮ್ಮ ಶಾಲೆ ನೂರು ವರ್ಷ ಬಾಳಲಿ.